ಹಳೆಯ ಎಡಿಷನ್ ಸಪ್ಲಿಮೆಂಟ್‌ಗಳಲ್ಲಿ ಯಾವುದನ್ನು ಕೊಳ್ಳುವುದು? ಕೋಟೆ, ಕಡಲು, ಸುರಂಗದ ಕಥೆಗೆ

ನೀರ್ಚಾಲು ಡಿ20

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಡುತ್ತೇವೆ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ, ಡೈಸ್ ಹಾಕಿ ಕಥೆ ಕಟ್ಟುವ ಆಟ. ನಾನು ಡಿಎಂ (ಡಂಜನ್ ಮಾಸ್ಟರ್), ಅಂದರೆ ಕಥೆ ನಡೆಸುವುದು ನಾನು. ಐದನೇ ಎಡಿಷನ್, 2014ರ ನಿಯಮಗಳು. ಮುಖ್ಯ ಪುಸ್ತಕ ಮೂರೂ ನಮ್ಮಲ್ಲಿ ಉಂಟು. 2024ರ ಹೊಸ ಪುಸ್ತಕಗಳಿಗೆ ಹೋಗುವ ಯೋಚನೆ ಸದ್ಯಕ್ಕಿಲ್ಲ.

ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ದಿನ) ಕಳೆದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಗಾಲದ ಭಾನುವಾರಗಳು ನಮ್ಮ ಕೈಯಲ್ಲಿ. ಆ ತಿಂಗಳುಗಳಿಗೆ ಒಂದು ಉದ್ದದ ಕ್ಯಾಂಪೇನ್ (ವಾರ ವಾರ ಮುಂದುವರಿಯುವ ಕಥೆ) ಮಾಡಬೇಕು ಅಂತ ಹೊರಟಿದ್ದೇನೆ. ಕಥೆ ನಡೆಯುವ ನಾಡು ನಮ್ಮ ಕರಾವಳಿಯ ಹಾಗೇ ಇರಬೇಕು. ಕಡಲ ಬದಿಯಲ್ಲಿ ಬೇಕಲದಂಥ ಕೋಟೆಗಳು, ಹೊಳೆ ಸಮುದ್ರ ಸೇರುವಲ್ಲಿ ಸಣ್ಣ ಬಂದರು, ಒಳಗೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಗುಡ್ಡ, ಗುಡ್ಡದೊಳಗೆ ಸುರಂಗ. ಬಾಯಾರು, ಶೇಣಿ ಕಡೆಯವರಿಗೆ ಸುರಂಗ ಎಂದರೆ ಎಂತ ಅಂತ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳುತ್ತೇನೆ: ನೀರಿಗಾಗಿ ಗುಡ್ಡದ ಬದಿಗೆ ಅಡ್ಡಕ್ಕೆ ಕೊರೆದ ದಾರಿ. ಮುರಕಲ್ಲಿನಲ್ಲಿ ಜಿನುಗುವ ನೀರು ತಾನಾಗಿಯೇ ಹೊರಗೆ ಹರಿದು ಬರುತ್ತದೆ, ಪಂಪು ಬೇಡ. ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗಬಹುದು. ಉದ್ದದ ಸುರಂಗಕ್ಕೆ ಮೇಲಿನಿಂದ ಗಾಳಿಕಿಂಡಿಯನ್ನೂ ತೋಡುತ್ತಾರೆ.

ಐದನೇ ಎಡಿಷನ್‌ನಲ್ಲಿ ಇಂಥದ್ದಕ್ಕೆ ಹೆಚ್ಚು ಸಾಮಾನು ಸಿಗುವುದಿಲ್ಲ. ಹಾಗಾಗಿ ಹಳೆಯ ಸಪ್ಲಿಮೆಂಟ್‌ಗಳ, ಅಂದರೆ ಮುಖ್ಯ ಪುಸ್ತಕಕ್ಕೆ ಪೂರಕವಾದವುಗಳ, ಪಿಡಿಎಫ್ ನೋಡುತ್ತಿದ್ದೇನೆ. ಮನಸ್ಸಿನಲ್ಲಿರುವುದು ಇವು: ಡಂಜನಿಯರ್ಸ್ ಸರ್ವೈವಲ್ ಗೈಡ್ (1986), ಕ್ಯಾಸಲ್ ಗೈಡ್ (1990), ಎ ಮೈಟಿ ಫೋರ್ಟ್ರೆಸ್ (1992), ಆಫ್ ಶಿಪ್ಸ್ ಅಂಡ್ ದ ಸೀ (1997), ಸ್ಟ್ರಾಂಗ್‌ಹೋಲ್ಡ್ ಬಿಲ್ಡರ್ಸ್ ಗೈಡ್‌ಬುಕ್ (2002), ಸ್ಟಾರ್ಮ್‌ರ‍್ಯಾಕ್ (2005). ಎಲ್ಲ ಕೊಳ್ಳುವಷ್ಟು ದುಡ್ಡಿಲ್ಲ. ಎರಡು, ಹೆಚ್ಚೆಂದರೆ ಮೂರು. ಯಾವುದು ನಿಜವಾಗಿ ಕೆಲಸಕ್ಕೆ ಬರುತ್ತದೆ? ಓದಿದವರು, ಆಡಿಸಿದವರು ಹೇಳಿ.

ಪೆರ್ಲ ಪೇಟೆ

ಸುರಂಗದಲ್ಲಿ ಡಂಜನ್! ನಾನು ಆಡಲಿಕ್ಕೆ ಬರಬಹುದಾ ಮಾರಾಯ್ರೆ?

ಮಂಜೇಶ್ವರ ಮಳೆ

ನನ್ನ ವೋಟು ಸ್ಟಾರ್ಮ್‌ರ‍್ಯಾಕ್‌ಗೆ. ಅದು 3.5ರ (ಮೂರನೇ ಎಡಿಷನ್‌ನ ತಿದ್ದಿದ ರೂಪ) ಪುಸ್ತಕ. 3.5 ಮತ್ತು ಐದನೆಯದು ಎರಡೂ ಡಿ20ಯ (20 ಮುಖದ ಡೈಸ್) ಮೇಲೆ ಕೂತಿವೆ. ಎಸಿ (ಪೆಟ್ಟು ತಗುಲದ ಹಾಗೆ ಕಾಯುವ ಅಂಕಿ) ಮೇಲಕ್ಕೆ ಹೋಗುತ್ತದೆ, ಡಿಸಿ (ಕೆಲಸ ಆಗಲಿಕ್ಕೆ ಮುಟ್ಟಬೇಕಾದ ಅಂಕಿ) ಉಂಟು, ಸಾಮರ್ಥ್ಯದ ಅಂಕಿಗಳಿಗೆ ಅದೇ ಲೆಕ್ಕ. 2000ಕ್ಕಿಂತ ಹಿಂದಿನ ಪುಸ್ತಕ ತೆರೆದರೆ ಥ್ಯಾಕೋ (ಪೆಟ್ಟು ತಗುಲಿಸುವ ಹಳೆಯ ಲೆಕ್ಕ), ಇಳಿಯುವ ಎಸಿ (ಕಮ್ಮಿ ಇದ್ದಷ್ಟು ಒಳ್ಳೆಯದು), ಐದು ತರದ ಸೇವ್ (ಅಪಾಯ ತಪ್ಪಿಸಲಿಕ್ಕೆ ಹಾಕುವ ಡೈಸ್) ಎಲ್ಲ ಎದುರಾಗುತ್ತವೆ. ಕೂತು ಪ್ರತಿಯೊಂದನ್ನೂ ಬದಲಾಯಿಸಬೇಕು. 3.5ರಲ್ಲಿ ಆ ಕೆಲಸ ಅರ್ಧ ಕಮ್ಮಿ. ಕಡಲಿನ ಬಿರುಗಾಳಿ, ಅಲೆ, ಹಡಗು, ನೀರೊಳಗಿನ ಹೋರಾಟ ಎಲ್ಲ ಅದರಲ್ಲಿ ಉಂಟು.

ಚಂದ್ರಗಿರಿ ತೀರ

ಮಳೆ ಅವರು ಹೇಳಿದ್ದು ನೋಡಲಿಕ್ಕೆ ಸರಿ ಕಾಣುತ್ತದೆ. ಆದರೆ ಮೇಜಿನಲ್ಲಿ ತಿರುವುಮುರುವು ಆಗುತ್ತದೆ ಅಂತ ನನ್ನ ಅಭಿಪ್ರಾಯ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

3.5ರಲ್ಲಿ ಒಂದು ಕೌಶಲಕ್ಕೆ ಹಾಕಬಹುದಾದ ಗರಿಷ್ಠ ರ‍್ಯಾಂಕ್ ಲೆವೆಲ್‌ಗಿಂತ ಮೂರು ಜಾಸ್ತಿ. ಹತ್ತನೇ ಲೆವೆಲ್ ಆದವನಿಗೆ 13, ಅದರ ಮೇಲೆ ಸಾಮರ್ಥ್ಯದ 3 ಸೇರಿ 16. ಡಿಸಿ 25 ಎಂದರೆ ಅವನಿಗೆ ಡೈಸ್‌ನಲ್ಲಿ 9 ಬಿದ್ದರೆ ಸಾಕು. ಐದನೆಯದರಲ್ಲಿ ಅದೇ ಹತ್ತನೇ ಲೆವೆಲ್‌ನವನಿಗೆ ಪ್ರೊಫಿಷಿಯೆನ್ಸಿ (ಪಳಗಿದ ಕೆಲಸಕ್ಕೆ ಸೇರುವ ಅಂಕಿ) 4, ಸಾಮರ್ಥ್ಯದಿಂದ ಹೆಚ್ಚೆಂದರೆ 5. ಒಟ್ಟು 9. ಡಿಸಿ 25ಕ್ಕೆ 16 ಬೀಳಬೇಕು. ಪುಸ್ತಕದಲ್ಲಿ ‘ಅನುಭವಿ ನಾವಿಕ ಮಾಡಬಲ್ಲ’ ಎಂದಿರುವ ಕೆಲಸ ನಿಮ್ಮ ಆಟಗಾರನಿಗೆ ನಾಲ್ಕು ಸಲಕ್ಕೆ ಒಮ್ಮೆ ಮಾತ್ರ ಸಾಧ್ಯ. ಅಂಕಿ ಒಂದೇ ತರ ಕಾಣುತ್ತದೆ, ಹಾಗಾಗಿ ಯಾರೂ ತಡೆದು ನೋಡುವುದಿಲ್ಲ. ನೇರ ಬಳಸುತ್ತಾರೆ. ಅಲ್ಲಿಯೇ ಆಟ ಕೆಡುವುದು.

ಹಳೆಯ ಅಡ್ವಾನ್ಸ್‌ಡ್ (ಒಂದನೇ, ಎರಡನೇ ಎಡಿಷನ್) ಪುಸ್ತಕಗಳಲ್ಲಿ ಅಂಕಿ ಎಷ್ಟು ಬೇರೆ ಎಂದರೆ ಯಾರೂ ನೇರ ಬಳಸಲಿಕ್ಕೆ ಹೋಗುವುದಿಲ್ಲ. ವಿಷಯ ತೆಗೆದುಕೊಳ್ಳುತ್ತಾರೆ, ಅಂಕಿ ಬಿಡುತ್ತಾರೆ. ಅದೇ ಸರಿಯಾದ ದಾರಿ.

ತಾಳಮದ್ದಳೆ ಕೇಳುವವರಿಗೆ ಇದು ಬೇಗ ತಿಳಿಯುತ್ತದೆ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಅರ್ಥ ಹೇಳುವವರು ಎದುರು ಕೂತವರು. ಕುಂಬಳೆಯ ಪಾರ್ತಿಸುಬ್ಬನ ಪದ್ಯಕ್ಕೆ ಇವತ್ತಿನ ಅರ್ಥಧಾರಿ ಇವತ್ತಿನ ಮಾತು ಹೇಳುತ್ತಾರೆ, ಪದ್ಯ ಹಳತಾಯಿತು ಅಂತ ಯಾರೂ ಹೇಳುವುದಿಲ್ಲ. ಹಳೆಯ ಸಪ್ಲಿಮೆಂಟ್‌ನಲ್ಲಿ ಸ್ಥಳ, ನಕ್ಷೆ, ಜನ, ಅವರ ನಡುವಿನ ಜಗಳ ಇವು ಪದ್ಯ. ನಿಯಮ ನಿಮ್ಮ ಮೇಜಿನ ಅರ್ಥ. ಪದ್ಯ ಜಾಸ್ತಿ ಇರುವ ಪುಸ್ತಕ ಕೊಳ್ಳಿ.

ಮಂಜೇಶ್ವರ ಮಳೆ

ಡಿಸಿಯ ಲೆಕ್ಕ ಒಪ್ಪಿದೆ ಅಣ್ಣ. ಆದರೆ ಅದಕ್ಕೆ ದಾರಿ ಉಂಟಲ್ವಾ? 3.5ರ ಅಂಕಿ ನೋಡದೆ ವಿವರಣೆ ಓದಿ. ಸುಲಭ ಅನಿಸಿದರೆ 10, ಸಾಧಾರಣಕ್ಕೆ 15, ಕಷ್ಟಕ್ಕೆ 20. ಐದನೆಯದರ ಡಂಜನ್ ಮಾಸ್ಟರ್ಸ್ ಗೈಡ್ ಹೇಳುವುದೂ ಅಷ್ಟೇ. ಅಷ್ಟು ಮಾಡಿದರೆ ಸ್ಟಾರ್ಮ್‌ರ‍್ಯಾಕ್ ಚೆನ್ನಾಗಿ ನಡೆಯುತ್ತದೆ.

ಉಪ್ಪಳದ ಓದುಗಿ

ನಡೆಯುತ್ತದೆ. ಆದರೆ 3.5ರ ಪುಸ್ತಕಗಳಲ್ಲಿ ಎಷ್ಟು ಪುಟ ಪ್ರೆಸ್ಟೀಜ್ ಕ್ಲಾಸ್ (ಪಾತ್ರದ ವಿಶೇಷ ವೃತ್ತಿ), ಫೀಟ್ (ವಿಶೇಷ ಕೌಶಲ), ಹೊಸ ಮಂತ್ರಗಳಿಗೆ ಹೋಗುತ್ತದೆ ಅಂತ ನೋಡಿ. ಸ್ಟಾರ್ಮ್‌ರ‍್ಯಾಕ್‌ನಲ್ಲೂ ಆ ಭಾಗ ದೊಡ್ಡದೇ. ಐದನೆಯದು ಆಡುವವರಿಗೆ ಆ ಪುಟಗಳಿಂದ ಯಾವ ಉಪಯೋಗವೂ ಇಲ್ಲ. ಅದಕ್ಕೂ ಸೇರಿ ದುಡ್ಡು ಕೊಡುತ್ತೀರಿ.

ಎರಡನೇ ಎಡಿಷನ್‌ನ ಕಂಪ್ಲೀಟ್ ಹ್ಯಾಂಡ್‌ಬುಕ್‌ಗಳಿಗೂ ಇದೇ ಮಾತು. ಅವುಗಳಲ್ಲಿ ‘ಕಿಟ್’ ಎಂಬ ಪಾತ್ರದ ಬಗೆಗಳು ಇರುತ್ತವೆ. ಅವನ್ನು ತರಲಿಕ್ಕೆ ಹೋಗಬೇಡಿ. 1992ರ ಕಂಪ್ಲೀಟ್ ಬುಕ್ ಆಫ್ ಎಲ್ವ್ಸ್ ತೆರೆದರೆ ಎಲ್ಫ್ ಆಗಿ ಹುಟ್ಟದವರ ಪಾಡು ಏನು ಅಂತ ಕೇಳಬೇಕಾಗುತ್ತದೆ. ಅದೇ ಸಾಲಿನ ಥೀಫ್ಸ್ ಹ್ಯಾಂಡ್‌ಬುಕ್ (1989) ಬೇರೆ. ಅದರಲ್ಲಿ ಕಳ್ಳರ ಸಂಘ ಹೇಗೆ ನಡೆಯುತ್ತದೆ, ಯಾರ ಕೈಯಲ್ಲಿ ಅಧಿಕಾರ, ಊರಿನ ಆಡಳಿತದ ಜೊತೆ ಎಂಥ ಸಂಬಂಧ ಅಂತ ಒಂದು ಭಾಗ ಉಂಟು. ಬಂದರು ಊರಿನಲ್ಲಿ ಕಳ್ಳಸಾಗಾಣಿಕೆಯ ಗುಂಪು ಮಾಡುವುದಾದರೆ ಅದು ಯಾವ ಎಡಿಷನ್‌ಗೂ ಆಗುತ್ತದೆ.

ನಾನು ಪುಸ್ತಕ ಕೊಳ್ಳುವ ಮೊದಲು ವಿಷಯಸೂಚಿ ನೋಡುತ್ತೇನೆ. ಮಾರಾಟದ ಪುಟದಲ್ಲಿ ಪ್ರಿವ್ಯೂ ಇದ್ದರೆ ಅದರಲ್ಲಿ ಸಿಗುತ್ತದೆ. ಆಟಗಾರರ ಪಾತ್ರ ಬಲವಾಗಿಸುವ ಪುಟ ಎಷ್ಟು, ಡಿಎಂನ ಕೆಲಸ ಹಗುರ ಮಾಡುವ ಪುಟ ಎಷ್ಟು ಅಂತ ಲೆಕ್ಕ ಹಾಕುತ್ತೇನೆ. ಎರಡನೆಯದು ಅರ್ಧಕ್ಕಿಂತ ಕಮ್ಮಿ ಇದ್ದರೆ ಬಿಡುತ್ತೇನೆ.

ಕುಂಬಳೆ ಸೀಮೆ

ಓದುಗಿ ಅಕ್ಕ ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪಿಗೆ.

ಕಡಲಿನ ವಿಷಯಕ್ಕೆ ಬಂದರೆ, ಹಳೆಯ ಎರಡು ಪುಸ್ತಕವನ್ನೂ (ಆಫ್ ಶಿಪ್ಸ್ ಅಂಡ್ ದ ಸೀ, ಸ್ಟಾರ್ಮ್‌ರ‍್ಯಾಕ್) ಬಿಡಿ ಅಂತ ನಾನು ಹೇಳುತ್ತೇನೆ. ಐದನೇ ಎಡಿಷನ್‌ಗೇ 2019ರಲ್ಲಿ ಗೋಸ್ಟ್ಸ್ ಆಫ್ ಸಾಲ್ಟ್‌ಮಾರ್ಶ್ ಬಂದಿದೆ. ಅದರ ಕೊನೆಯಲ್ಲಿರುವ ಅನುಬಂಧದ ಹೆಸರೇ ಆಫ್ ಶಿಪ್ಸ್ ಅಂಡ್ ದ ಸೀ. ಸಣ್ಣ ದೋಣಿಯಿಂದ ಯುದ್ಧನೌಕೆವರೆಗೆ ಹಡಗಿನ ಅಂಕಿಗಳು, ನಾವಿಕರ ಕೆಲಸ, ಕಡಲಿನ ಅಪಾಯ, ದಾರಿಯಲ್ಲಿ ಎದುರಾಗುವುದು ಎಲ್ಲ ಉಂಟು. ಬದಲಾಯಿಸಬೇಕಾದ್ದು ಯಾವುದೂ ಇಲ್ಲ. ಕೀಲ್‌ಬೋಟ್‌ನ ಅಂಕಿ ತೆಗೆದು ನಮ್ಮ ಮಂಜಿ ಹಡಗಿಗೆ ಹಾಕಿದರೆ ಆಯಿತು.

ಇನ್ನೊಂದು ಲಾಭ. ಆ ಪುಸ್ತಕದ ಮೊದಲ ಕಥೆ 1981ರ ಸಿನಿಸ್ಟರ್ ಸೀಕ್ರೆಟ್ ಆಫ್ ಸಾಲ್ಟ್‌ಮಾರ್ಶ್. ಹಳೆಯ ಮಾಡ್ಯೂಲ್ (ಸಿದ್ಧ ಕಥೆಯ ಪುಸ್ತಕ) ಅನ್ನು ಕಂಪನಿಯವರೇ ಐದನೆಯದಕ್ಕೆ ತಂದಿದ್ದಾರೆ. ಮೀನುಗಾರರ ಊರು, ಊರ ಹೊರಗೆ ಕಡಲ ಬದಿಯಲ್ಲಿ ಭೂತಬಂಗಲೆ ಅಂತ ಹೆಸರಾದ ಮನೆ. ಒಳಗೆ ನಡೆಯುವ ವ್ಯವಹಾರ ಬೇರೆಯೇ. ಹಳೆಯ ಪಿಡಿಎಫ್ ಅನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಯಾವುದನ್ನು ಹೇಗೆ ಬದಲಾಯಿಸಿದ್ದಾರೆ ಅಂತ ಕಾಣುತ್ತದೆ. ಬದಲಾಯಿಸುವುದನ್ನು ಕಲಿಯಲಿಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನಾನು ನೋಡಿಲ್ಲ.

ನೀರ್ಚಾಲು ಡಿ20

ಇದು ನನಗೆ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್ ಸೀಮೆ ಅವರೇ. ಕಡಲಿನದ್ದು ಅಲ್ಲಿಗೆ ತೀರಿತು. ಹಾಗಾದರೆ ಕೋಟೆ ಮತ್ತು ಸುರಂಗ ಉಳಿಯಿತು. ಎ ಮೈಟಿ ಫೋರ್ಟ್ರೆಸ್ ಬಗ್ಗೆ ಯಾರಾದರೂ ಹೇಳುತ್ತೀರಾ? ಅದರ ಕಾಲ 1550ರಿಂದ 1650. ಇಕ್ಕೇರಿಯ ಶಿವಪ್ಪ ನಾಯಕ ಬೇಕಲ ಕೋಟೆ ಕಟ್ಟಿಸಿದ ಕಾಲಕ್ಕೆ ಸರಿಯಾಗಿ ಬರುತ್ತದೆ. ಕೋವಿ, ಫಿರಂಗಿ, ಬುರುಜು ಎಲ್ಲ ಬೇಕು ನನಗೆ.

ಚಂದ್ರಗಿರಿ ತೀರ

ಎರಡನೇ ಎಡಿಷನ್‌ಗೆ ಹಸಿರು ರಕ್ಷಾಪುಟದ ಚರಿತ್ರೆಯ ಪುಸ್ತಕಗಳ ಒಂದು ಸಾಲು ಬಂದಿತ್ತು. 1991ರ ವೈಕಿಂಗ್ಸ್‌ನಿಂದ ಶುರು. ರೋಮ್, ಸೆಲ್ಟ್, ಕ್ರುಸೇಡ್ ಎಲ್ಲದಕ್ಕೂ ಒಂದೊಂದು. ಎ ಮೈಟಿ ಫೋರ್ಟ್ರೆಸ್ ಅದರಲ್ಲಿ ಸೇರಿದ್ದು. ಸಾಲು ಒಳ್ಳೆಯದು, ಬರೆದವರು ಓದಿಕೊಂಡು ಬರೆದಿದ್ದಾರೆ.

ಆದರೆ ನಿಮಗೆ ಅದು ಬೇಡ. ಅದರ ದೊಡ್ಡ ಭಾಗ ಯುರೋಪಿನ ರಾಜರು, ಧರ್ಮದ ಯುದ್ಧಗಳು, ಅಲ್ಲಿನ ಸೈನ್ಯ. ನಿಮ್ಮ ಕಥೆಗೆ ಇಕ್ಕೇರಿಯವರು, ಕುಂಬಳೆಯ ಅರಸರು, ಕೋಲತ್ತಿರಿ, ಪೋರ್ಚುಗೀಸರು ಬೇಕು. ಅದಕ್ಕೆ ನಮ್ಮ ಊರಿನ ಲೈಬ್ರರಿಯ ಚರಿತ್ರೆಯ ಕಪಾಟು ಸಾಕು, ಆ ಪುಸ್ತಕದಲ್ಲಿ ಅದು ಸಿಗುವುದಿಲ್ಲ. ಕೋವಿ ಬೇಕಾದರೆ ನಿಮ್ಮ ಹತ್ತಿರ ಇರುವ 2014ರ ಡಂಜನ್ ಮಾಸ್ಟರ್ಸ್ ಗೈಡ್ ತೆರೆಯಿರಿ. ಮಸ್ಕೆಟ್‌ನ ಪೆಟ್ಟಿಗೆ ಡಿ12 (12 ಮುಖದ ಡೈಸ್), ಪಿಸ್ತೂಲಿಗೆ ಡಿ10. ಫಿರಂಗಿಯ ಅಂಕಿಯೂ ಅದರಲ್ಲಿಯೇ ಉಂಟು. ಕೈಯಲ್ಲಿರುವ ಪುಸ್ತಕವನ್ನು ಮೊದಲು ಪೂರ್ತಿ ಓದುವುದು ಒಳ್ಳೆಯದು. ಸುಮ್ನೆ ದುಡ್ಡು ಹಾಕಬೇಡಿ.

ಪೆರ್ಲ ಪೇಟೆ

ನನಗೆ ಒಂದು ಸಂಶಯ. ಕಾಲ್ ಆಫ್ ಕ್ಥುಲ್ಹು ಎಂಬ ಇನ್ನೊಂದು ಆಟ ಆಡುವವರು ಹಳೆಯ ಪುಸ್ತಕಗಳನ್ನು ಹಾಗೆಯೇ ಎತ್ತಿ ಆಡುತ್ತಾರೆ. ಅವರಿಗೆ ಈ ತಾಪತ್ರಯ ಇಲ್ಲವಲ್ಲ?

ಚಂದ್ರಗಿರಿ ತೀರ

ಇಲ್ಲ. ಆ ಆಟ 1981ರಿಂದ ಒಂದೇ ಜಾಡಿನಲ್ಲಿ ಬಂದಿದೆ. ಕೌಶಲಗಳು ಶೇಕಡಾವಾರು. ಏಳನೇ ಎಡಿಷನ್‌ನಲ್ಲಿ ಹಳೆಯ ಸಾಮರ್ಥ್ಯದ ಅಂಕಿಯನ್ನು ಐದರಿಂದ ಗುಣಿಸಿದರೆ ಹೆಚ್ಚಿನದು ಆಯಿತು. ಡಿ ಅಂಡ್ ಡಿಯಲ್ಲಿ 2000ದಲ್ಲಿ ಒಂದು ಮುರಿತ, 2008ರಲ್ಲಿ ಇನ್ನೊಂದು, 2014ರಲ್ಲಿ ಮತ್ತೊಂದು. 1974ರಿಂದ 1990ರ ದಶಕದ ಕೊನೆವರೆಗಿನ ಪುಸ್ತಕಗಳು ಮಾತ್ರ ಒಂದಕ್ಕೊಂದು ತಕ್ಕಮಟ್ಟಿಗೆ ಹೊಂದುತ್ತವೆ.

ಮುರಕಲ್ಲು

ತಡವಾಗಿ ಬಂದೆ. ಮನೆಯಲ್ಲಿ ಕರೆಂಟ್ ಇರಲಿಲ್ಲ.

ಪ್ರಾಣಿಗಳನ್ನು, ರಾಕ್ಷಸರನ್ನು ಬದಲಾಯಿಸುವ ಬಗ್ಗೆ ಯಾರೂ ಹೇಳಿಲ್ಲ, ಅದು ಮುಖ್ಯ. ಇಳಿಯುವ ಎಸಿಯನ್ನು 20ರಿಂದ ಕಳೆದರೆ ಏರುವ ಎಸಿ ಸಿಗುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಲೆಕ್ಕ ಸರಿಯೇ. ಬೇಸಿಕ್ (ಅಡ್ವಾನ್ಸ್‌ಡ್‌ನ ಜೊತೆಗೇ ಬಂದ ಸರಳ ಆಟ) ಸಾಲಿನ ಪುಸ್ತಕಗಳಲ್ಲಿ ಕವಚ ಇಲ್ಲದವನ ಎಸಿ 9, ಅಡ್ವಾನ್ಸ್‌ಡ್‌ನಲ್ಲಿ 10. ಹಾಗಾಗಿ ಬೇಸಿಕ್‌ಗೆ 19ರಿಂದ ಕಳೆಯಬೇಕು. ಆದರೆ ಆ ಲೆಕ್ಕ ಮಾಡಿ ಎಂತ ಸಿಗುತ್ತದೆ ನೋಡಿ.

1977ರ ಮಾನ್ಸ್ಟರ್ ಮ್ಯಾನುಯಲ್‌ನಲ್ಲಿ ಓಗರ್‌ಗೆ (ದೈತ್ಯ) ಎಸಿ 5. ಹಿಟ್ ಡೈಸ್ (ಜೀವಬಲ ನಿರ್ಧರಿಸುವ ಡೈಸ್) ನಾಲ್ಕು, ಮೇಲೊಂದು. ಸರಾಸರಿ 19 ಹಿಟ್ ಪಾಯಿಂಟ್ (ಎಚ್‌ಪಿ, ಜೀವಬಲ). ಒಂದು ಪೆಟ್ಟಿಗೆ 1ರಿಂದ 10. ಬದಲಾಯಿಸಿದರೆ ಎಸಿ 15, ಎಚ್‌ಪಿ 19. ಐದನೆಯದರ ಓಗರ್‌ಗೆ ಎಸಿ 11, ಎಚ್‌ಪಿ 59. ಪೆಟ್ಟಿಗೆ ಎರಡು ಡಿ8, ಮೇಲೆ 4. ಎರಡೂ ಬೇರೆ ಬೇರೆ ಪ್ರಾಣಿ. ಹಳೆಯದು ಸಿಗುವುದು ಕಷ್ಟ, ಸಿಕ್ಕಿದರೆ ಬೇಗ ಸಾಯುತ್ತದೆ. ಹೊಸದಕ್ಕೆ ಪೆಟ್ಟು ಸುಲಭವಾಗಿ ಬೀಳುತ್ತದೆ, ಆದರೆ ಅದು ತಿನ್ನುತ್ತ ನಿಲ್ಲುತ್ತದೆ. ಐದನೆಯದರ ಪಾತ್ರಗಳು ಕೊಡುವ ಪೆಟ್ಟಿಗೆ ತಕ್ಕ ಹಾಗೆ ಮಾಡಿದ್ದು ಅದು. ಹಾಗಾಗಿ ಸೂತ್ರ ಹಾಕಬೇಡಿ. ಪುಸ್ತಕದಲ್ಲಿ ಓಗರ್ ಅಂತ ಇದ್ದರೆ ನಿಮ್ಮ ಪುಸ್ತಕದ ಓಗರ್ ತನ್ನಿ. ನಿಮ್ಮಲ್ಲಿ ಇಲ್ಲದ ಪ್ರಾಣಿ ಇದ್ದರೆ ಅದೇ ಬಲದ ಬೇರೊಂದರ ಅಂಕಿ ತೆಗೆದು ಅದರ ವಿಶೇಷ ಗುಣ ಒಂದನ್ನು ಅಂಟಿಸಿ.

ಎಣಿಕೆ ಮಾತ್ರ ಕಮ್ಮಿ ಮಾಡಬೇಕು. ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್‌ನಂಥ ಹಳೆಯ ಮಾಡ್ಯೂಲ್‌ಗಳಲ್ಲಿ ಒಂದು ಗುಹೆಯಲ್ಲಿ ಓರ್ಕ್‌ಗಳ ದೊಡ್ಡ ಗುಂಪೇ ಇರುತ್ತದೆ. ಹಳೆಯ ಓರ್ಕ್‌ಗೆ ಒಂದು ಹಿಟ್ ಡೈಸ್, ನಾಲ್ಕೋ ಐದೋ ಎಚ್‌ಪಿ. ಐದನೆಯದರ ಓರ್ಕ್‌ಗೆ 15. ಅಷ್ಟೂ ಜನರನ್ನು ಹಾಗೆಯೇ ತಂದರೆ ಒಂದನೇ ಲೆವೆಲ್‌ನ ಪಾತ್ರಗಳು ಬಾಗಿಲಲ್ಲೇ ಸಾಯುತ್ತವೆ.

ಮತ್ತೆ, ಹಳೆಯದರಲ್ಲಿ ಎಲ್ಲರೂ ಸಾಯುವವರೆಗೆ ಹೊಡೆದಾಡುವುದಿಲ್ಲ. 1981ರ ಬೇಸಿಕ್‌ನಲ್ಲಿ ಎರಡು ಡಿ6 ಹಾಕಿ ಅವುಗಳ ಮೊರಾಲ್ (ಧೈರ್ಯ) ಅಂಕಿ ನೋಡುತ್ತಾರೆ, ಅದನ್ನು ಮೀರಿದರೆ ಓಡಿಹೋಗುತ್ತವೆ. ಎದುರಾದ ಕೂಡಲೇ ಅವುಗಳ ಮನಸ್ಥಿತಿಗೂ ಎರಡು ಡಿ6. 2 ಬಿದ್ದರೆ ಮೈಮೇಲೆ ಬೀಳುತ್ತವೆ, 12 ಬಿದ್ದರೆ ಸ್ನೇಹ. ಈ ಎರಡು ಟೇಬಲ್ ಯಾವ ಎಡಿಷನ್‌ಗಾದರೂ ಒಂದಕ್ಷರ ಬದಲಾಯಿಸದೆ ಹಾಕಬಹುದು. ಅದಕ್ಕೆ ದುಡ್ಡೂ ಬೇಡ. ಹಳೆಯ ಬೇಸಿಕ್ ಆಟವನ್ನು ಮತ್ತೆ ಬರೆದ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್‌ನ ಬೇಸಿಕ್ ನಿಯಮಗಳು ಉಚಿತ ಪಿಡಿಎಫ್. ಬೇಸಿಕ್ ಫ್ಯಾಂಟಸಿಯೂ ಉಚಿತ.

ಉಪ್ಪಳದ ಓದುಗಿ

ಮುರಕಲ್ಲು, ಚಿನ್ನದ ಬಗ್ಗೆಯೂ ಹೇಳು. ಹಳೆಯ ಆಟದಲ್ಲಿ ಒಂದು ಚಿನ್ನದ ನಾಣ್ಯ ತಂದರೆ ಒಂದು ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ). ಹಾಗಾಗಿ ಮಾಡ್ಯೂಲ್‌ಗಳಲ್ಲಿ ನಿಧಿ ರಾಶಿ ರಾಶಿ ಇರುತ್ತದೆ. ಐದನೆಯದರಲ್ಲಿ ಅಷ್ಟು ಕೊಟ್ಟರೆ ಮೂರನೇ ವಾರಕ್ಕೆ ಎಲ್ಲರೂ ಪ್ಲೇಟ್ ಕವಚ ಹಾಕಿಕೊಂಡು ಕೂರುತ್ತಾರೆ.

ಮುರಕಲ್ಲು

ಹೌದಕ್ಕ. ನಿಧಿಯನ್ನು ಹತ್ತರಲ್ಲಿ ಒಂದಕ್ಕೆ ಇಳಿಸಬಹುದು. ಇಲ್ಲದಿದ್ದರೆ ಹಳೆಯ ನಿಯಮವನ್ನೇ ತಂದು ಚಿನ್ನಕ್ಕೆ ಎಕ್ಸ್‌ಪಿ ಕೊಟ್ಟು, ಹೊಡೆದಾಟಕ್ಕೆ ಕೊಡುವುದನ್ನು ನಿಲ್ಲಿಸಬಹುದು. ನಾನು ಎರಡನೆಯದನ್ನು ಇಷ್ಟಪಡುತ್ತೇನೆ. ಆಟಗಾರರು ಕತ್ತಿ ಎತ್ತುವ ಮೊದಲು ಯೋಚಿಸಲಿಕ್ಕೆ ಶುರು ಮಾಡುತ್ತಾರೆ.

ಕುಂಬಳೆ ಸೀಮೆ

ನಾಲ್ಕನೇ ಎಡಿಷನ್ ಬಗ್ಗೆ ಒಂದು ಮಾತು. ಅದರ ಪವರ್‌ಗಳು, ಮಾನ್ಸ್ಟರ್‌ಗಳು ಬೇರೆ ಕಡೆ ನಡೆಯುವುದಿಲ್ಲ. ಆದರೆ ಅದರ ‘ಮಿನಿಯನ್’ ಯೋಚನೆ ಎತ್ತಿಕೊಳ್ಳಿ. ಒಂದೇ ಎಚ್‌ಪಿಯ ವೈರಿ, ಒಂದು ಪೆಟ್ಟಿಗೆ ಬೀಳುತ್ತಾನೆ. ಮುರಕಲ್ಲು ಹೇಳಿದ ಓರ್ಕ್‌ಗಳ ಗುಂಪಿಗೆ ಅದು ಸರಿಯಾದ ಮದ್ದು.

ಪೆರ್ಲ ಪೇಟೆ

ನಮ್ಮ ಗುಂಪಿನ ಒಬ್ಬ ಡೀಟೀಸ್ ಅಂಡ್ ಡೆಮಿಗಾಡ್ಸ್ ಕೊಳ್ಳಬೇಕು ಅಂತ ಹೇಳುತ್ತಿದ್ದಾನೆ. 1980ರದ್ದು. ಅದರಲ್ಲಿ ಭಾರತದ ಪುರಾಣದ ಭಾಗವೇ ಉಂಟಂತೆ. ನೀರ್ಚಾಲು ಅವರ ಕಥೆಗೆ ಆಗಬಹುದಾ?

ಉಪ್ಪಳದ ಓದುಗಿ

ಉಂಟು, ನಾನು ಓದಿದ್ದೇನೆ. ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಆ ಪುಸ್ತಕ ದೇವರುಗಳನ್ನು ಮಾನ್ಸ್ಟರ್‌ಗಳ ಹಾಗೆ ಬರೆಯುತ್ತದೆ. ಎಸಿ, ಹಿಟ್ ಪಾಯಿಂಟ್, ಎಷ್ಟು ಪೆಟ್ಟು. ಗ್ರೀಕರ, ನಾರ್ಸ್ ಜನರ ಹಿರಿಯ ದೇವರಿಗೆ 400 ಎಚ್‌ಪಿ. ನಮ್ಮ ದೇವತೆಗಳಿಗೂ ಅದೇ ಬಗೆಯ ಪಟ್ಟಿ. ಅದು ಇರುವುದು ಕೊಲ್ಲಬಹುದಾದ ಒಂದು ಅಂಕಿಯಾಗಿ. ಕಥೆಗೆ ಬೇಕಾದ್ದು ಪೂಜೆ ಹೇಗೆ, ಹರಕೆ ಯಾಕೆ, ಯಾರು ನುಡಿ ಕೊಡುತ್ತಾರೆ, ಆ ನುಡಿ ಊರನ್ನು ಹೇಗೆ ಕಟ್ಟುತ್ತದೆ ಎಂಬುದು. ಅದು ಆ ಪುಸ್ತಕದಲ್ಲಿಲ್ಲ.

ಮತ್ತೆ ನಮ್ಮ ಮೇಜಿನ ಸುತ್ತ ಕೂರುವವರನ್ನು ನೋಡಿ. ತುಳು ಮಾತಾಡುವವರ ಮನೆಯಲ್ಲಿ ಕೋಲ, ಮಲಯಾಳ ಮಾತಾಡುವವರ ತರವಾಡಿನಲ್ಲಿ ತೆಯ್ಯಂ. ಅವರಿಗೆ ಅದು ಈ ವರ್ಷದ ನಂಬಿಕೆ. ದೈವಕ್ಕೆ ಹಿಟ್ ಪಾಯಿಂಟ್ ಬರೆದ ಹಾಳೆಯನ್ನು ಅವರ ಎದುರು ಇಡುವುದು ಸರಿಯಲ್ಲ. ನಿಮ್ಮ ನಾಡಿಗೆ ನಿಮ್ಮದೇ ದೈವಗಳನ್ನು ಕಟ್ಟಿ. ಹೆಸರು ಹೊಸತು, ಕಥೆ ಹೊಸತು. ಮೊದಲ ದಿನವೇ ಎಲ್ಲರನ್ನೂ ಕೇಳಿ, ಯಾವುದು ಬೇಡ ಅಂತ ಒಬ್ಬರು ಹೇಳಿದರೂ ಅದನ್ನು ಬಿಡಿ.

ಮುರಕಲ್ಲು

ಅಕ್ಕ ಹೇಳಿದ್ದನ್ನು ನಾನೂ ಹೇಳಬೇಕೆಂದಿದ್ದೆ. ರಾಕ್ಷಸ ಮಾತ್ರ ಬೇರೆ ಲೆಕ್ಕ, ಅದು 1977ರಿಂದ ಮಾನ್ಸ್ಟರ್ ಆಗಿಯೇ ಉಂಟು. ಹಳೆಯದರಲ್ಲಿ ಮಂತ್ರಿಸಿದ ಕ್ರಾಸ್‌ಬೋ ಬಾಣ ಒಂದು ತಗುಲಿದರೆ ಅದು ಸಾಯುತ್ತದೆ. ಐದನೆಯದರಲ್ಲಿ ಒಳ್ಳೆಯವರ ಕೈಯ ಮಾಂತ್ರಿಕ ಚುಚ್ಚು ಆಯುಧಕ್ಕೆ ಎರಡು ಪಟ್ಟು ಪೆಟ್ಟು ಅಷ್ಟೇ. ಹಳೆಯದೇ ಕಥೆಗೆ ಚೆಂದ. ಆ ಬಾಣವನ್ನು ಯಾರು ಮಂತ್ರಿಸಿ ಕೊಡುತ್ತಾರೆ, ಅವರು ಬದಲಿಗೆ ಎಂತ ಕೇಳುತ್ತಾರೆ ಎಂಬುದೇ ನಾಲ್ಕು ವಾರದ ಆಟ.

ನೀರ್ಚಾಲು ಡಿ20

ದೈವಗಳ ವಿಷಯದಲ್ಲಿ ಓದುಗಿ ಅಕ್ಕ ಹೇಳಿದ ಹಾಗೆಯೇ ಮಾಡುತ್ತೇನೆ. ಈಗ ಕೋಟೆ. ಕ್ಯಾಸಲ್ ಗೈಡ್ ಬೇಕಾ, ಸ್ಟ್ರಾಂಗ್‌ಹೋಲ್ಡ್ ಬಿಲ್ಡರ್ಸ್ ಬೇಕಾ?

ಮಂಜೇಶ್ವರ ಮಳೆ

ಸ್ಟ್ರಾಂಗ್‌ಹೋಲ್ಡ್ ಬಿಲ್ಡರ್ಸ್. ಅದು ಕೋಟೆಯನ್ನು ಕೋಣೆಗಳಾಗಿ ಬಿಡಿಸುತ್ತದೆ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಜಾಗ ಒಂದು ಘಟಕ. ಅಡುಗೆಮನೆಗೆ ಇಷ್ಟು, ಆಯುಧಶಾಲೆಗೆ ಇಷ್ಟು, ಗೋಡೆಗೆ ಇಷ್ಟು ಅಂತ ದುಡ್ಡಿನ ಲೆಕ್ಕ. ಆಟಗಾರರು ತಮ್ಮದೇ ಕೋಟೆ ಕಟ್ಟಿಸಲಿಕ್ಕೆ ಹೊರಟರೆ ಅದಕ್ಕಿಂತ ಒಳ್ಳೆಯದಿಲ್ಲ.

ಚಂದ್ರಗಿರಿ ತೀರ

ಈ ಸಲ ಮಳೆ ಅವರ ಮಾತು ಸರಿ. ಕ್ಯಾಸಲ್ ಗೈಡ್‌ನಲ್ಲಿ ಯುರೋಪಿನ ಊಳಿಗಮಾನ್ಯದ ವಿವರಣೆ ಜಾಸ್ತಿ. ಆದರೆ ಒಂದು ಪ್ರಶ್ನೆ. ನಿಮ್ಮ ಆಟಗಾರರು ಕೋಟೆ ಕಟ್ಟುತ್ತಾರಾ, ಕೋಟೆಗೆ ನುಗ್ಗುತ್ತಾರಾ?

ನೀರ್ಚಾಲು ಡಿ20

ನುಗ್ಗುತ್ತಾರೆ. ಕಟ್ಟುವಷ್ಟು ಲೆವೆಲ್ ಆಗಲಿಕ್ಕೆ ಈ ಮಳೆಗಾಲ ಸಾಲದು.

ಚಂದ್ರಗಿರಿ ತೀರ

ಹಾಗಾದರೆ ಎರಡೂ ಬೇಡ. ಒಂದು ದಿನ ಬೇಕಲಕ್ಕೆ ಹೋಗಿ, ಕೈಯಲ್ಲಿ ಚೌಕುಳಿ ಪುಸ್ತಕ ಇರಲಿ. ವೀಕ್ಷಣಾ ಬುರುಜು, ಅದಕ್ಕೆ ಏರುವ ಇಳಿಜಾರು, ಮದ್ದಿನಮನೆ, ಮೆಟ್ಟಿಲಿಳಿಯುವ ಕೆರೆ, ಕಡಲ ಕಡೆಯ ಗೋಡೆಯ ಕಿಂಡಿಗಳು. ಕಿಂಡಿಗಳನ್ನು ಬೇರೆ ಬೇರೆ ಕೋನಕ್ಕೆ ಇಟ್ಟಿದ್ದಾರೆ, ದೂರಕ್ಕೆ ಒಂದು, ಬುಡಕ್ಕೆ ಬಂದವರಿಗೆ ಒಂದು. ಅದನ್ನು ಬರೆದುಕೊಂಡು ಬಂದರೆ ನಿಮ್ಮ ನಕ್ಷೆ ಆಯಿತು.

ದುಡ್ಡನ್ನು ಡಂಜನಿಯರ್ಸ್ ಸರ್ವೈವಲ್ ಗೈಡ್‌ಗೆ ಇಡಿ. ನಿಮ್ಮ ಪಟ್ಟಿಯಲ್ಲಿ ಬೇರೆಲ್ಲೂ ಸಿಗದೇ ಇರುವುದು ಅದೊಂದೇ. ನೆಲದಡಿ ಹತ್ತುವುದು, ಇಳಿಯುವುದು, ಕತ್ತಲ ನೀರಿನಲ್ಲಿ ಈಜುವುದು, ಗಾಳಿ ಕೆಡುವುದು, ಕಲ್ಲು ಕುಸಿಯುವುದು, ಗಣಿ ತೋಡುವುದು ಎಲ್ಲದರ ಬಗ್ಗೆ ಕೂತು ಯೋಚಿಸಿ ಬರೆದ ಪುಸ್ತಕ. ಮೇಲೆ ಕೆಳಗೆ ಹೋಗುವ ಗುಹೆಯನ್ನು ಕಾಗದದ ಮೇಲೆ ಓರೆಯಾಗಿ ಬಿಡಿಸುವ ರೀತಿಯನ್ನೂ ತೋರಿಸಿದ್ದಾರೆ. ಗಾಳಿಕಿಂಡಿ ಇರುವ ಸುರಂಗ ಬಿಡಿಸಲಿಕ್ಕೆ ಅದು ಬಹಳ ಸಹಾಯ.

ಮುರಕಲ್ಲು

ಅದರ ಜೊತೆಗೆ 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನ ಆಯುಧಗಳ ಟೇಬಲ್. ಅದರಲ್ಲಿ ಪ್ರತಿ ಆಯುಧಕ್ಕೆ ಎಷ್ಟು ಅಡಿ ಜಾಗ ಬೇಕು ಅಂತ ಒಂದು ಕಾಲಂ ಉಂಟು. ಕಠಾರಿಗೆ 1, ಈಟಿಗೆ 1, ಉದ್ದ ಕತ್ತಿಗೆ 3, ಎರಡು ಕೈಯ ಕತ್ತಿಗೆ 6. ಸಾಧಾರಣ ಡಂಜನ್‌ನ ಓಣಿ 10 ಅಡಿ ಅಗಲ, ಅಲ್ಲಿ ಈ ಕಾಲಂ ಯಾರೂ ನೋಡುವುದಿಲ್ಲ. ಸುರಂಗದಲ್ಲಿ ಅದೇ ಎಲ್ಲ. ಎರಡು ಕೈಯ ಕತ್ತಿಯ ಬಾರ್ಬೇರಿಯನ್ ಒಳಗೆ ಹೋಗಿ ನಿಂತಾಗ ಏನು ಮಾಡುತ್ತಾನೆ? ಗಿಡ್ಡ ಕತ್ತಿಯ ಕಳ್ಳ ಅಲ್ಲಿ ರಾಜ.

ನೀರ್ಚಾಲು ಡಿ20

ಮುರಕಲ್ಲು, ಇದು ಭಾರೀ ಉಪಕಾರ ಆಯಿತು.

ಪಿಡಿಎಫ್‌ನ ಗುಣಮಟ್ಟ ಹೇಗಿರುತ್ತದೆ? ಪ್ರಿಂಟ್ ತರಿಸಬೇಕಾ?

ಕುಂಬಳೆ ಸೀಮೆ

ಹಳೆಯ ಪುಸ್ತಕಗಳ ಅಧಿಕೃತ ಪಿಡಿಎಫ್‌ಗಳು ಡ್ರೈವ್‌ಥ್ರೂ ಮತ್ತು ಡಿಎಮ್ಸ್ ಗಿಲ್ಡ್ ಜಾಲತಾಣಗಳಲ್ಲಿ ಸಿಗುತ್ತವೆ. ಹೆಚ್ಚಿನವು ಮುದ್ರಿತ ಪ್ರತಿಯ ಸ್ಕ್ಯಾನ್. ಓದಲಿಕ್ಕೆ ಆಗುತ್ತದೆ, ಆದರೆ ಎರಡು ಪುಟಕ್ಕೆ ಹರಡಿದ ನಕ್ಷೆ ಇದ್ದರೆ ಮಧ್ಯದಲ್ಲಿ ತುಂಡಾಗಿರಬಹುದು. ಪ್ರಿವ್ಯೂ ನೋಡಿ, ಕೊಂಡವರ ಅಭಿಪ್ರಾಯ ಓದಿ. ಕೆಲವಕ್ಕೆ ಬೇಡಿಕೆಯ ಮೇಲೆ ಮುದ್ರಿಸಿ ಕಳುಹಿಸುವ ಏರ್ಪಾಡು ಉಂಟು. ಹೊರದೇಶದಿಂದ ಬರುವಾಗ ಸಾಗಣೆ, ಸುಂಕ ಸೇರಿ ಪುಸ್ತಕದ ಬೆಲೆಯನ್ನೇ ಮೀರಬಹುದು. ಸಪ್ಲಿಮೆಂಟ್‌ಗೆ ಪಿಡಿಎಫ್ ಸಾಕು. ಮೇಜಿನಲ್ಲಿ ಬೇಕಾಗುವ ನಾಲ್ಕು ಟೇಬಲ್ ಮಾತ್ರ ಕೈಯಲ್ಲಿ ಬರೆದಿಟ್ಟುಕೊಳ್ಳಿ. ಬರೆಯುವಾಗಲೇ ಐದನೆಯದರ ಅಂಕಿ ಹಾಕಿದರೆ ಬದಲಾವಣೆಯ ಕೆಲಸವೂ ಮುಗಿಯುತ್ತದೆ.

ಟೆಲಿಗ್ರಾಂನಲ್ಲಿ ಸುತ್ತುವ ಕದ್ದ ಸ್ಕ್ಯಾನ್‌ಗಳನ್ನು ಇಲ್ಲಿ ಹಾಕಬೇಡಿ, ಕೇಳಲೂಬೇಡಿ.

ನೀರ್ಚಾಲು ಡಿ20

ತೀರ್ಮಾನ ಆಯಿತು. ಡಂಜನಿಯರ್ಸ್ ಸರ್ವೈವಲ್ ಗೈಡ್ ಪಿಡಿಎಫ್ ತೆಗೆದುಕೊಂಡೆ. ಸಾಲ್ಟ್‌ಮಾರ್ಶ್ ಅನ್ನು ಗುಂಪಿನವರು ಸೇರಿ ಕೊಳ್ಳುತ್ತೇವೆ. ಥೀಫ್ಸ್ ಹ್ಯಾಂಡ್‌ಬುಕ್ ಬಂದರಿನ ಕಥೆ ಶುರುವಾಗುವಾಗ ನೋಡುವ. ಬೇರೆ ಯಾವುದೂ ಈಗ ಬೇಡ.

ಓದಿ, ಐದನೆಯದಕ್ಕೆ ಹೊಂದುವ ಹಾಗೆ ಸುರಂಗದ ನಿಯಮ ಬರೆದಿದ್ದೇನೆ. ನೋಡಿ ಹೇಳಿ.

ಸುರಂಗದಲ್ಲಿ ಒಬ್ಬರ ಹಿಂದೆ ಒಬ್ಬರು. ಮುಂದಿನವರು ಮಾತ್ರ ಹೋರಾಡಬಹುದು. ಮುರಕಲ್ಲು ಹೇಳಿದ ಕಾಲಂನಲ್ಲಿ 1 ಅಡಿಯ ಆಯುಧಗಳಿಗೆ ತೊಂದರೆ ಇಲ್ಲ. 3 ಅಡಿಯದಕ್ಕೆ ಡಿಸ್‌ಅಡ್ವಾಂಟೇಜ್ (ಡೈಸ್ ಎರಡು ಸಲ ಹಾಕಿ ಕಮ್ಮಿಯದನ್ನು ತೆಗೆದುಕೊಳ್ಳುವುದು). ಅದಕ್ಕಿಂತ ದೊಡ್ಡದನ್ನು ಬೀಸಲಿಕ್ಕೆ ಆಗುವುದಿಲ್ಲ. ಗಾಳಿ ಕೆಟ್ಟ ಭಾಗದಲ್ಲಿ ಪ್ರತಿ ಹತ್ತು ನಿಮಿಷಕ್ಕೆ ಕಾನ್‌ಸ್ಟಿಟ್ಯೂಷನ್ (ದೇಹಬಲ) ಸೇವ್, ಡಿಸಿ 10. ಸೋತರೆ ಒಂದು ಹಂತ ಎಕ್ಸಾಷನ್ (ದಣಿವು). ಆ ಭಾಗಕ್ಕೆ ಕಾಲಿಟ್ಟಾಗ ನಾನು ಹೇಳುವುದಿಲ್ಲ. ಕೈಯಲ್ಲಿ ಸೂಡಿಯೋ (ಪಂಜು) ದೀಪವೋ ಇದ್ದರೆ ಜ್ವಾಲೆ ಸಣ್ಣದಾಗುತ್ತದೆ, ಅದು ಕಾಣುತ್ತದೆ. ಲೈಟ್ ಮಂತ್ರ ಹಾಕಿಕೊಂಡು ಹೋದವರಿಗೆ ಬೆಳಕು ಸಿಗುತ್ತದೆ, ಸೂಚನೆ ಸಿಗುವುದಿಲ್ಲ. ಕಂಟಿನ್ಯುಯಲ್ ಫ್ಲೇಮ್‌ಗೂ ಹಾಗೆಯೇ, ಅದಕ್ಕೆ ಗಾಳಿ ಬೇಡ ಅಂತ ಪುಸ್ತಕದಲ್ಲೇ ಬರೆದಿದೆ.

ಮುರಕಲ್ಲು

ಜ್ವಾಲೆಯದ್ದು ಬಹಳ ಒಳ್ಳೆಯದು! ಐದನೆಯದರಲ್ಲಿ ಸೂಡಿಗೆ ಬೆಲೆಯೇ ಇಲ್ಲ ಅಂತ ನನಗೆ ಯಾವಾಗಲೂ ಬೇಸರ. ಇಲ್ಲಿ ಅದಕ್ಕೆ ಕೆಲಸ ಸಿಕ್ಕಿತು.

ಈಟಿಗೆ ಒಂದು ವಿನಾಯಿತಿ ಕೊಡಿ. ಐದನೆಯದರಲ್ಲಿ ಈಟಿಗೆ ರೀಚ್ (ದೂರದಿಂದ ಹೊಡೆಯುವ ಗುಣ) ಇಲ್ಲ. ಆದರೆ ಸುರಂಗದಲ್ಲಿ ಎರಡನೇ ಸಾಲಿನವನು ಮುಂದಿನವನ ಭುಜದ ಮೇಲಿಂದ ಈಟಿ ಚುಚ್ಚಬಹುದು ಅಂತ ಇಟ್ಟರೆ ಇಬ್ಬರಿಗೆ ಆಟ ಇರುತ್ತದೆ. ಇಲ್ಲದಿದ್ದರೆ ಹಿಂದೆ ನಿಂತ ಮೂವರು ಮೊಬೈಲ್ ತೆಗೆಯುತ್ತಾರೆ.

ಉಪ್ಪಳದ ಓದುಗಿ

ಎಕ್ಸಾಷನ್ ಜೋರಾಗಿದೆ. ಮೂರನೇ ಹಂತಕ್ಕೆ ದಾಳಿಗೂ ಸೇವ್‌ಗೂ ಡಿಸ್‌ಅಡ್ವಾಂಟೇಜ್ ಬರುತ್ತದೆ, ಆಮೇಲೆ ಪ್ರತಿ ಸೇವ್ ಸೋಲುತ್ತಲೇ ಹೋಗುತ್ತಾರೆ. ಆರನೆಯದು ಸಾವು. ಒಂದು ರಾತ್ರಿ ಮಲಗಿದರೆ ಒಂದು ಹಂತ ಮಾತ್ರ ಇಳಿಯುತ್ತದೆ. ಗಾಳಿಕಿಂಡಿಯ ಕೆಳಗೆ ಹತ್ತು ನಿಮಿಷ ಕೂತರೆ ಸುರಂಗದಲ್ಲಿ ಬಂದ ಹಂತ ಒಂದು ಹೋಗಲಿ. ಆಗ ಗಾಳಿಕಿಂಡಿ ಎಲ್ಲಿ ಉಂಟು ಅಂತ ತಿಳಿದಿರುವ ಕೆಲಸದಾಳು ಊರಿನಲ್ಲಿ ಬೇಕಾದ ಮನುಷ್ಯನಾಗುತ್ತಾನೆ. ಸುರಂಗ ಕೊರೆಯುವವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುವುದರಿಂದಲೇ ಮೊದಲ ಭಾನುವಾರ ಶುರು ಮಾಡಬಹುದು.

ನೀರ್ಚಾಲು ಡಿ20

ಈಟಿ, ಗಾಳಿಕಿಂಡಿ ಎರಡನ್ನೂ ಸೇರಿಸಿದೆ. ಪೆರ್ಲ ಪೇಟೆಯವರೇ, ಒಂದು ಕುರ್ಚಿ ಖಾಲಿ ಉಂಟು. ಮೆಸೇಜ್ ಹಾಕಿ. ಈಟಿ ಹಿಡಿಯುವ ಪಾತ್ರ ಮಾಡಿಕೊಂಡು ಬನ್ನಿ.